ಹೊರಗೆ ಕೂತವಳ ಇಂಗ್ಲಿಷ್

ಅಥವಾ ಅಪ್ಪಯ್ಯನ ಟ್ಯೂಷನ್ನಿನ ಕರಿಹಲಗೆ ಇದ್ದದ್ದು ಪಡುವಣ ಗೋಡೆಗಲ್ಲ, ಚಾವಡಿಯ ಬಾಗಿಲ ಪಕ್ಕದಲ್ಲಿ. ಸಂಜೆಯ ಬಿಸಿಲು ಅದರ ಮೇಲೆ ನೇರ ಬಿದ್ದು ಅಕ್ಷರ ಕಾಣದೆ ಹುಡುಗರು ತಲೆ ಓರೆ ಮಾಡುತ್ತಿದ್ದರು ಎಂದು ನೆನಪಿದೆ. ಪಡುವಣ ಗೋಡೆಗೆ ಒರಗಿಸಿದ್ದರೆ ಬಿಸಿಲು ಅದರ ಬೆನ್ನಿಗೆ ಬೀಳಬೇಕಿತ್ತು. ಆದರೆ ಅವರು ತಲೆ ಓರೆ ಮಾಡುತ್ತಿದ್ದದ್ದು ಬಿಸಿಲಿಗೇ ಹೌದೇ? ಜಗಲಿಯ ತುದಿಯಲ್ಲಿ, ಹಳೆ ಸೀರೆಯ ಮರೆಯ ಆಚೆ ಕೂತಿರುತ್ತಿದ್ದ ನನ್ನ ಅಕ್ಕನ ಕಾಲು ಕಾಣಲಿ ಎಂದಲ್ಲವೇ? ಈ ಅನುಮಾನ ಒಂಬತ್ತು ವರ್ಷದ ಹುಡುಗಿಯದಾಗಿರಲಾರದು. ಈಗಿನ ನಾನು, ಮೊಣಕಾಲು ನೋವಿನ ಮುದುಕಿ, ಅದನ್ನು ಅಲ್ಲಿಗೆ ಒಯ್ದು ಇಟ್ಟದ್ದು. ಹೀಗೆ ಇಟ್ಟದ್ದು ಇನ್ನೆಷ್ಟಿದೆಯೋ. ಬಾಲ್ಯದ ಮನೆಯ ಬಗ್ಗೆ ಬರೆಯುವವರು ಗೋಡೆ, ಬಾಗಿಲು, ಬಿಸಿಲು ಎಲ್ಲವನ್ನೂ ಅದರದರ ಜಾಗದಲ್ಲಿ ಕೂರಿಸಿ ಬರೆಯುತ್ತಾರೆ. ಅಂಥದ್ದನ್ನು ಓದಿದರೆ ನನಗೆ ಕಮಟಿದ ಎಣ್ಣೆಯ ಚಕ್ಕುಲಿ ಕಚ್ಚಿದಂತಾಗುತ್ತದೆ.

ಹೋದ ತಿಂಗಳು ಬ್ರಹ್ಮಾವರದಲ್ಲಿ, ಅಕ್ಕ ಈಗ ಮಗನೊಂದಿಗೆ ಇರುವ ಮನೆಯಲ್ಲಿ, ಆ ಚಕ್ಕುಲಿಯನ್ನೇ ನನ್ನ ಬಾಯಿಗೆ ಇಟ್ಟರು. ಅಕ್ಕನ ಮೊಮ್ಮಗಳು ಮೊಬೈಲಿನಲ್ಲಿ ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಮಾಡುತ್ತಿದ್ದಳು. ಒಂದೊಂದಾಗಿ ವಾಕ್ಯ ಬರುತ್ತದೆ, ಅದರಲ್ಲಿ ಲಿಂಕಿಂಗ್ ವರ್ಬ್ ಯಾವುದೆಂದು ಬೆರಳಿನಿಂದ ಒತ್ತಬೇಕು, ಸರಿಯಾದರೆ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರುತ್ತವೆ. ಅಕ್ಕನ ಮಗ ಅದನ್ನು ನೋಡಿ ನನ್ನ ಕಡೆ ತಿರುಗಿದ.

"ಚಿಕ್ಕಮ್ಮ, ಅಮ್ಮ ಹೊರಗ್ ಕೂಕಂಡೇ ಇಂಗ್ಲಿಷ್ ಕಲ್ತದ್ದಂಬ್ರಲೆ? ಎಷ್ಟ್ ಲಾಯ್ಕ್ ಕಥಿ ಮಾರಾಯ್ರೆ! ಯಾರಾರೂ ಕೇಂಡ್ರೆ ಸಿನೆಮಾ ಮಾಡ್ತ್ರ್."

ಅಕ್ಕ ಅಲ್ಲೇ ಮೆಟ್ಟುಕತ್ತಿಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಲಾಯ್ಕಿನ ಕಥೆ, ಚೆಂದದ ಕಥೆ. ಯಾರು ಹೇಳಿದರು ಅವನಿಗೆ, ಎಷ್ಟು ಹೇಳಿದರು, ಎಲ್ಲಿಗೆ ನಿಲ್ಲಿಸಿದರು? ಆ ಕಥೆಯನ್ನು ಲಾಯ್ಕಾಗಿ ಉಳಿಯಲು ಬಿಡಬಾರದು ಎಂಬ ಒಂದೇ ಹಟದಿಂದ ಇದನ್ನು ಬರೆಯುತ್ತಿದ್ದೇನೆ.

ಮನೆ ಕೋಟೇಶ್ವರದಲ್ಲಿ, ಹೆದ್ದಾರಿಯಿಂದ ಒಳಗೆ. ಕಂಡಕ್ಟರು ಕುಂದಾಪ್ರ ಕುಂದಾಪ್ರ ಎಂದು ಕೂಗುವುದು ಕೇಳುವಷ್ಟು ಹತ್ತಿರ. ಅಪ್ಪಯ್ಯ ಬೆಳಿಗ್ಗೆ ದೇವಸ್ಥಾನದ ಪೂಜೆಗೆ ನೆರವಾಗುತ್ತಿದ್ದರು, ಸಂಜೆ ಜಗಲಿಯಲ್ಲಿ ಹತ್ತನೆಯ ತರಗತಿಯ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದರು. ಮುಟ್ಟಾದ ಹೆಂಗಸರು ಮೂರು ದಿನ ಒಳಗೆ ಕಾಲಿಡದೆ ಹೊರಗೆ ಕೂರಬೇಕು ಎಂಬ ಪದ್ಧತಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿತ್ತು. ಅದಕ್ಕೆಂದು ಒಂದು ಹೊರಕೋಣೆಯೂ ಇರುತ್ತಿತ್ತು. ನಮ್ಮ ಹೊರಕೋಣೆಯಲ್ಲಿ ತೆಂಗಿನ ಸಿಪ್ಪೆ, ಮುರಿದ ತೊಟ್ಟಿಲು, ಅಪ್ಪಯ್ಯನ ಹಳೆ ಉತ್ತರಪತ್ರಿಕೆಗಳು ತುಂಬಿ ಹೆಗ್ಗಣ ಮರಿ ಹಾಕಿತ್ತು. ಹಾಗಾಗಿ ಹೊರಗಿನವರ ಜಾಗ ಜಗಲಿಯ ತುದಿಗೆ ಬಂತು. ಜಗಲಿಯೋ ಒಂದೇ. ಈ ತುದಿಯಲ್ಲಿ ಹದಿನೈದು ಹುಡುಗರು, ಆ ತುದಿಯಲ್ಲಿ ಚಾಪೆ, ಒಂದು ಲೋಟ, ಒಂದು ತಟ್ಟೆ, ಮಧ್ಯೆ ಬಿದಿರಿನ ಗಳಕ್ಕೆ ಹಾಕಿದ ಸೀರೆ. ಮುಚ್ಚಿಡಬೇಕಾದ್ದನ್ನು ಹೀಗೆ ಪ್ರದರ್ಶನಕ್ಕಿಟ್ಟು, ಮುಚ್ಚಿಟ್ಟಿದ್ದೇವೆಂದು ಇಡೀ ಮನೆ ನಂಬಿತ್ತು. ಸೀರೆ ತೂಗುಬಿದ್ದಿದೆ ಎಂದರೆ ಒಳಗಿನ ವಿಷಯ ಹದಿನೈದು ಮನೆಗೆ ಗೊತ್ತಾಯಿತು ಎಂದೇ ಲೆಕ್ಕ. ಆ ಸೀರೆಯ ವಾಸನೆ ನನಗೆ ಈಗಲೂ ಬರುತ್ತದೆ. ಒಣಗದ ಬಟ್ಟೆ, ಸೀಮೆಸುಣ್ಣ, ಹುಡುಗರ ತಲೆಯ ಹರಳೆಣ್ಣೆ ಮೂರೂ ಸೇರಿದ ಮುಗ್ಗಲು.

ಅಪ್ಪಯ್ಯ ಪಾಠ ಚೆನ್ನಾಗಿ ಮಾಡುತ್ತಿದ್ದರು. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೆ ನಿಜ. ಲಿಂಕಿಂಗ್ ವರ್ಬಿಗೆ ಅವರು ಇಟ್ಟ ಹೆಸರು ಸಂಕ. ತೋಡಿಗೆ ಅಡ್ಡ ಹಾಕಿದ ಮರದ ದಿಮ್ಮಿ. ಅದು ದುಡಿಯುವುದಿಲ್ಲ, ಈ ದಡವನ್ನು ಆ ದಡಕ್ಕೆ ಸೇರಿಸಿಕೊಂಡು ಬಿದ್ದಿರುತ್ತದೆ, ಅಷ್ಟೆ.

"ಹ್ವಾಯ್, ಇಲ್ಲ್ ಕಾಣಿ. 'ದ ಸಾಂಬಾರ್ ಟೇಸ್ಟ್ಸ್ ಸಾಲ್ಟಿ.' ಸಾಂಬಾರ್ ರುಚಿ ಕಾಣ್ತಾ? ಅದಕ್ ನಾಲ್ಗಿ ಇತ್ತಾ? ಇಲ್ಲೆ. ಅದ್ ಸುಮ್ನೆ ಪಾತ್ರಿಯಂಗ್ ಕೂಕಂಡ್ ಇತ್ತ್. ಹಂಗಾರೆ ಟೇಸ್ಟ್ಸ್ ಅಂಬ್ದ್ ಕೆಲ್ಸ ಅಲ್ಲ, ಸಂಕ. ಡೌಟ್ ಇದ್ರೆ ಅದನ್ ತೆಗ್ದ್ ಈಸ್ ಹಾಕಿ ದಾಂಟಿ ಕಾಣ್. ನೀರಿಗ್ ಬೀಳ್ದಿರೆ ಸಂಕ. ಈಗ 'ಅಮ್ಮ ಟೇಸ್ಟ್ಸ್ ದ ಸಾಂಬಾರ್.' ಹಾಕ್ ಈಸ್. 'ಅಮ್ಮ ಈಸ್ ದ ಸಾಂಬಾರ್!' ಬಿದ್ಯಲ್ಲ ತೋಡಿಗೆ?"

ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ಒಳಗೆ ಒಲೆಯ ಮುಂದೆ ಅಮ್ಮನಿಗೆ ನಗು ಮಾತ್ರ ಕೇಳುತ್ತಿತ್ತು. ತಪ್ಪಾದ ಅಕ್ಷರ ಒರೆಸಲು ಅಪ್ಪಯ್ಯ ಬೆರಳನ್ನು ನಾಲಿಗೆಗೆ ತಾಗಿಸಿ ಹಲಗೆಗೆ ಉಜ್ಜುತ್ತಿದ್ದರು. ಹಲಗೆಯ ಮೇಲೆ ಬಿಳಿ ಲೋಳೆ ಇಳಿಯುತ್ತಿತ್ತು. ತಟ್ಟೆಯಿಂದ ಒಂದು ಅಗುಳು ನೆಲಕ್ಕೆ ಬಿದ್ದರೆ ಎಂಜಲು ಎಂದು ಸೆಗಣಿ ಸಾರಿಸುವ ಅಜ್ಜಿ ಅಲ್ಲೇ ಕಂಬಕ್ಕೊರಗಿ ಕೂತು ಆ ಎಂಜಲನ್ನು ದಿನಾ ನೋಡುತ್ತಿದ್ದರು, ಮಗನ ವಿದ್ಯೆ ಕಂಡು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು.

ಅಕ್ಕ ಸುಮತಿ ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಇಂಗ್ಲಿಷ್ ಮೇಷ್ಟ್ರ ಮಗಳು! ಅದೇ ವರ್ಷ ಇನ್ನೊಮ್ಮೆ ಬರೆಯಬಹುದಿತ್ತು. ಅಪ್ಪಯ್ಯ ಊಟಕ್ಕೆ ಕೂತಾಗ ತೀರ್ಪು ಕೊಟ್ಟಿದ್ದರು: ಪಾಸಾದರೆ ಕುಂದಾಪುರದಲ್ಲಿ ಕಾಲೇಜು, ಇಲ್ಲದಿದ್ದರೆ ಬೈಂದೂರಿನ ಹತ್ತಿರ ಯಡ್ತರೆಯಿಂದ ಕೇಳಿಬಂದ ಸಂಬಂಧ. ಅಕ್ಕ ಹ್ಞೂಂ ಅಂದಳು. ಆದರೆ ಟ್ಯೂಷನ್ನಿನ ಹೊತ್ತು ಅಡಿಗೆಮನೆಯ ಹೊತ್ತೂ ಹೌದು. ಅಕ್ಕಿ ಕಡೆಯಬೇಕು, ಬಾವಿಯಿಂದ ನೀರು ಸೇದಬೇಕು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಬೇಕು. ತಿಂಗಳಲ್ಲಿ ಮೂರು ದಿನ ಮಾತ್ರ ಅವಳು ಏನನ್ನೂ ಮುಟ್ಟುವಂತಿರಲಿಲ್ಲ. ಆ ಮೂರು ಸಂಜೆ ಸೀರೆಯ ಹಿಂದೆ ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು, ಯಾರಿಗೋ ಹೇಳುತ್ತಿದ್ದ ಪಾಠವನ್ನು ಕೇಳುತ್ತಿದ್ದಳು. ಹೊರಗೆ ಕೂತು ಇಂಗ್ಲಿಷ್ ಕಲಿತಳು ಎಂಬುದರ ಅರ್ಥ ಇಷ್ಟೆ.

ಒಂದು ಸಂಜೆಯದ್ದು ನನಗೆ ಗಟ್ಟಿಯಾಗಿ ನೆನಪಿದೆ. ಗಟ್ಟಿ ಎನ್ನಲು ಅಳುಕೇ, ಇರಲಿ. ಅಪ್ಪಯ್ಯ ಎರಡು ವಾಕ್ಯ ಬರೆದರು. 'ದ ಮಿಲ್ಕ್ ಟರ್ನ್ಡ್ ಸೌರ್', 'ದ ಬಸ್ ಟರ್ನ್ಡ್ ಅಟ್ ಕುಂಭಾಶಿ'. ಎರಡರಲ್ಲೂ ಅದೇ ಟರ್ನ್ಡ್, ಸಂಕ ಯಾವುದರಲ್ಲಿ? ಹುಡುಗರು ನೆಲ ನೋಡಿದರು. ಸೀರೆಯ ಹಿಂದಿನಿಂದ ಅಕ್ಕನ ದನಿ ಬಂತು, ಹಾಲಿನ ವಾಕ್ಯದಲ್ಲಿ ಎಂದು.

"ಹಾಲಿಂದ್ರಂಗೆ."

ಅಪ್ಪಯ್ಯ ತಿರುಗಲಿಲ್ಲ. ಸೀಮೆಸುಣ್ಣದ ಧೂಳನ್ನು ಪಂಚೆಗೆ ಒರೆಸಿಕೊಂಡು, ಏನೂ ಕೇಳದವರಂತೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಮುಂದಿನ ಸಾಲಿನ ಶೀನ ಎಂಬ ಹುಡುಗ ಎದ್ದು ನಿಂತ.

"ಹಾಲಿಂದ್ರಂಗೆ, ಸರ್."

"ಶಾಬಾಸ್! ಕಲ್ತ್ರೆ ಹೀಂಗ್ ಕಲೀಕ್."

ನಾನು ಸೀರೆಯ ಸಂದಿಯಿಂದ ಅಕ್ಕನನ್ನು ನೋಡಿದೆ. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿರಲಿಲ್ಲ. ಪುಸ್ತಕದಲ್ಲಿ ಉತ್ತರ ಬರೆದುಕೊಂಡು ಸರಿ ಎಂಬ ಗುರುತು ಹಾಕುತ್ತಿದ್ದಳು. ಶೀನನಿಗೆ ಸಿಕ್ಕ ಶಾಬಾಸ್‌ನಿಂದ ತನ್ನ ಉತ್ತರ ಸರಿಯಾಯಿತೆಂದು ತಿಳಿದುಕೊಂಡಳು, ಅಷ್ಟು ಸಾಕಾಯಿತು ಅವಳಿಗೆ. ಆ ಸಾಕು ಎಂಬುದೇ ನನಗೆ ಇವತ್ತು ಎಲ್ಲಕ್ಕಿಂತ ಹೇಸಿಗೆ.

ಆಮೇಲೆ ಅಕ್ಕ ಹೊರಗೆ ಕೂರುವ ದಿನಗಳು ಹೆಚ್ಚಾದವು. ಮೂರು ಐದಾಯಿತು. ಹದಿನೈದು ದಿನಕ್ಕೊಮ್ಮೆ ಚಾಪೆ ಹಾಸುವಂತಾಯಿತು. ಅವಳು ಕೂತಷ್ಟು ದಿನ ಪಾತ್ರೆ ತೊಳೆಯುವ ಕೆಲಸ ನನ್ನ ಮೇಲೆ. ಊಟ ಒಯ್ದು ಕೊಡುವುದೂ ನಾನೇ, ಹತ್ತು ತುಂಬದವರಿಗೆ ಮೈಲಿಗೆ ತಾಗುವುದಿಲ್ಲ ಎಂದು ಅಜ್ಜಿ ತಮ್ಮ ಅನುಕೂಲಕ್ಕೆ ಮಾಡಿಕೊಂಡ ನಿಯಮದ ಪ್ರಕಾರ. ಮಸಿ ಹಿಡಿದ ಕಂಚಿನ ಪಾತ್ರೆ ತಿಕ್ಕಿ ತಿಕ್ಕಿ ನನ್ನ ಉಗುರಿನ ಸಂದಿ ಕೊಳೆತು ಹುಳಿ ವಾಸನೆ ಬರುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ನನ್ನ ತಲೆಯನ್ನು ತಮ್ಮ ತೊಡೆಗೆ ಒತ್ತಿಕೊಂಡು ಹೇನು ಹೆಕ್ಕುತ್ತಿದ್ದರು.

"ಹೆಣೆ, ನಿನ್ ಅಕ್ಕ ಈ ಸರ್ತಿ ಬಟ್ಟಿ ಒಗ್ದದ್ ಕಂಡಿದ್ಯಾ?"

"ಇಲ್ಲೆ."

"ಹೋದ್ ಸರ್ತಿ?"

"ಒಂದ್ಸಲ ಕಂಡಿದೆ. ಇನ್ನೊಂದ್ಸಲ ಇಲ್ಲೆ."

ಎರಡು ಹೆಬ್ಬೆರಳ ಉಗುರುಗಳ ನಡುವೆ ಹೇನು ಪಟ್ಟೆಂದಿತು. ನಾನು ತಿಳಿಯದ ಮಗು, ಬಾಯಿ ತಪ್ಪಿ ಹೇಳಿದೆ ಎಂದು ಬರೆದರೆ ಓದುವವರು ಕ್ಷಮಿಸುತ್ತಾರೆ. ನಾನು ತಿಳಿದೇ ಹೇಳಿದೆ. ನನಗೆ ಪಾತ್ರೆ ತೊಳೆಯುವುದು ಬೇಡವಾಗಿತ್ತು.

ಅಂದು ಸಂಜೆ ಹುಡುಗರು ಬರುವ ಮೊದಲೇ ಜಗಳವಾಯಿತು. ಅಜ್ಜಿ ಸೀರೆಯನ್ನು ಗಳದಿಂದ ಕಿತ್ತು ಅಂಗಳಕ್ಕೆಸೆದರು.

"ಇದ್ದ್ ಮೈಲ್ಗಿ ಮುಚ್ಚಿ ಇಡುವ್ರನ್ ಕಂಡಿದೆ. ಇಲ್ದಿದ್ ಮೈಲ್ಗಿ ಇತ್ತಂಬ್ರ್ ಎಲ್ಲಿಯಾರೂ ಇದ್ದ್ರಾ? ಅನ್ನ ತಿಂಬು ಬಾಯಂಗ್ ಹೇಳು ಮಾತಾ ಇದ್?"

"ಅಡ್ಗಿ ಮನಿಯಂಗ್ ಇದ್ಕಂಡ್ ಪಾಸ್ ಆಪ್ದ್ ಹ್ಯಾಂಗ್? ಹೇಳಿ ಕಾಂಬ," ಎಂದಳು ಅಕ್ಕ.

ಅಪ್ಪಯ್ಯ ಮೆಲ್ಲಗೆ ಹೇಳಿದರು, "ನನ್ನತ್ರ ಕೇಂಡ್ರೆ ಹೇಳಿ ಕೊಡ್ತಿದ್ದೆ ಅಲ್ದಾ?"

"ಕೇಂಡಿದೆ. ಮೂರ್ ಸಲ. 'ಒಳ್ಗ್ ಕೆಲ್ಸ ಆಯ್ಲಿ, ಕಾಂಬ' ಅಂದ್ರಿ."

ಅಪ್ಪಯ್ಯನಿಗೆ ಅದು ನೆನಪಿರಲಿಲ್ಲವಂತೆ. ಮರುದಿನದ ಪಾಠದಲ್ಲಿ ಅವರು ಹಲಗೆಯ ಮೇಲೆ ಬರೆದ ಮೊದಲ ವಾಕ್ಯ 'ಸುಮತಿ ಸೀಮ್ಸ್ ಇಲ್'. ಕಾಯಿಲೆಯವಳಂತೆ ಕಾಣುತ್ತಾಳೆ. ಜಗಳದ ಸುದ್ದಿ ಆಗಲೇ ಕೇಳಿದ್ದ ಶೀನ ಕೈ ಎತ್ತಿದ.

"ಸರ್, ಇದ್ರಂಗ್ ಸೀಮ್ಸ್ ತೆಗ್ದ್ ಈಸ್ ಹಾಕುಕ್ ಆತ್ತಾ? ಅಜ್ಜಿ ಬಿಡ್ತ್ರಾ?"

ಜಗಲಿ ನಗೆಯಿಂದ ಸಿಡಿಯಿತು. ಅಪ್ಪಯ್ಯನೂ ನಕ್ಕರು. ನಾನೂ ನಕ್ಕೆ. ಒಳಗೆ ರುಬ್ಬುವ ಕಲ್ಲಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು ಎಂದು ಬರೆಯಲು ಕೈ ಹೋಗುತ್ತದೆ. ನಿಂತಿತೋ ಇಲ್ಲವೋ ನಾನು ಗಮನಿಸಿರಲಿಲ್ಲ, ನಗುತ್ತಿದ್ದೆ.

ಪರೀಕ್ಷೆಯ ಹಾಲ್ ಟಿಕೆಟ್ ಬಂದಾಗ ಅಪ್ಪಯ್ಯ ಅದನ್ನು ಪಂಚಾಂಗದ ಮೊಳೆಗೇ ಸಿಕ್ಕಿಸಿದರು. ಮೂರು ದಿನ ಎರಡೂ ಒಂದರ ಮೇಲೊಂದು ತೂಗಾಡಿದವು. ನಾಲ್ಕನೆಯ ದಿನ ಅಜ್ಜಿ ಅಜ್ಜನ ತಿಥಿ ಯಾವತ್ತು ಬೀಳುತ್ತದೆಂದು ನೋಡಿಸಿದರೆ, ಇಂಗ್ಲಿಷ್ ಪರೀಕ್ಷೆಯ ದಿನವೇ. ಆದರೂ ದಾರಿ ಇತ್ತು: ಅಮ್ಮ ಮಡಿಯಲ್ಲಿ ಅಡಿಗೆ ಮಾಡುವುದು, ಅಕ್ಕ ಬೆಳಗಿನ ಬಸ್ಸಿಗೆ ಕುಂದಾಪುರಕ್ಕೆ ಹೋಗುವುದು. ಅಷ್ಟಕ್ಕೆ ಅಜ್ಜಿಯೂ ಒಪ್ಪಿದ್ದರು. ತಿಥಿಯ ಹಿಂದಿನ ದಿನ ಅಮ್ಮ ಹೊರಗಾದಳು. ನಿಜವಾಗಿಯೇ. ಅಜ್ಜಿಗೆ ಹಂಡೆ ಎತ್ತುವ ಶಕ್ತಿ ಇರಲಿಲ್ಲ. ಮನೆಯಲ್ಲಿ ಉಳಿದವಳು ಅಕ್ಕ ಒಬ್ಬಳೇ.

"ಪರೀಕ್ಷಿ ಮತ್ತೊಂದ್ ಬತ್ತ್. ತಿಥಿ ಬಿಟ್ರೆ ಅಜ್ಜ ಹಸ್ಕಂಡ್ ಹೋತ್ರ್," ಎಂದರು ಅಜ್ಜಿ.

"ತಿಥಿಯೂ ವರ್ಷಾ ವರ್ಷಾ ಬತ್ತ್ ಅಲ್ದಾ? ಯಡ್ತರೆಯವ್ರ್ ಕಾಯ್ತ್ರಾ?" ಎಂದಳು ಅಕ್ಕ. ಅಪ್ಪಯ್ಯ ಕೆನ್ನೆಗೊಂದು ಕೊಟ್ಟರು. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ, ಏಟಿಗೆ ಅಕ್ಕನ ಮೂಗುಬೊಟ್ಟು ಕಳಚಿ ಬಿದ್ದು ನಾನೇ ಹುಡುಕಿ ಕೊಟ್ಟಿದ್ದೆ.

ತಿಥಿಯ ಬೆಳಿಗ್ಗೆ ಅಕ್ಕ ಹಿಂದಿನ ಬಾಗಿಲಿಗೆ ಬಂದು ಹೊಸಿಲ ಆಚೆ ನಿಂತಳು.

"ಅಜ್ಜಿ, ನಾ ಹೊರಗ್."

"ಇವತ್ತೆಯಾ?"

"ಹ್ಞಾಂ, ಇವತ್ತೆ."

"ಹೋ! ಅದೂ ಹಾಲ್ ಟಿಕೆಟ್ ಕಂಡ್ಕಂಡೇ ಬಂತಾ?"

"ನಿಜ ಅಜ್ಜಿ. ದೇವ್ರಾಣೆ."

"ಬಾಯ್ ಮುಚ್. ಹೋದ್ ತಿಂಗ್ಳೂ ನಿಜವೇ ಆಗಿದ್ದಿತ್."

ಜಗಲಿಯ ತುದಿಯಿಂದ, ಸೀರೆಯ ಹಿಂದೆ ಕೂತಿದ್ದ ಅಮ್ಮನ ದನಿ ಬಂತು. "ಅತ್ತೆ, ಅದ್ ನಿಜ ಹೇಳ್ತಿದ್ರೆ? ಅದ್ರ ಕೈಯಂಗ್ ಅಡ್ಗಿ ಮಾಡ್ಸಿದ್ರೆ ತಿಥಿ ಹಾಳಾತ್ತಲ್ದಾ? ಆಚಿಮನಿಯವ್ರನ್ ಕರೀನಿ." ಮಗಳ ಪರೀಕ್ಷೆ ಹಾಳಾಗುತ್ತದೆ ಎಂದು ಅಮ್ಮ ಹೇಳಲಿಲ್ಲ. ಆ ಮನೆಯಲ್ಲಿ ಯಾವ ಮಾತು ಓಡುತ್ತದೆ ಎಂದು ಅವಳಿಗೆ ಗೊತ್ತಿತ್ತು, ಓಡುವ ಮಾತನ್ನೇ ಆರಿಸಿಕೊಂಡಿದ್ದಳು. ಅಜ್ಜಿ ಅಪ್ಪಯ್ಯನ ಕಡೆ ನೋಡಿದರು. ಅಪ್ಪಯ್ಯ ಒದ್ದೆ ಪಂಚೆಯಲ್ಲಿ ನಿಂತು ದರ್ಭೆಯ ಉಂಗುರ ಹೆಣೆಯುತ್ತಿದ್ದರು.

"ನೀ ಹೇಳ್ ಮಗಾ. ಎಂತ ಮಾಡುದ್?"

"ಹೊತ್ತಾಯ್ತ್. ಭಟ್ರ್ ಬಂದ್ರ್," ಎಂದರು ಅಪ್ಪಯ್ಯ. ಬಾವಿಕಟ್ಟೆಗೆ ಹೋದರು. ಹದಿನೈದು ಹುಡುಗರಿಗೆ ಇಂಗ್ಲಿಷ್ ದಾಟಿಸಿದವರ ತೀರ್ಪು ಅಷ್ಟೆ.

ಅಜ್ಜಿ ಅಕ್ಕನನ್ನು ಬಚ್ಚಲಿಗೆ ಕಳಿಸಿದರು. ನನ್ನ ರಟ್ಟೆ ಹಿಡಿದು ಕಿವಿಗೆ ಬಾಯಿ ಹಚ್ಚಿದರು. ಅವರ ಬಾಯಿಂದ ಹೊಗೆಸೊಪ್ಪಿನ ಬಿಸಿ ವಾಸನೆ.

"ನೀ ಹೋಯ್ ಕಂಡ್ಕಂಡ್ ಬಾ. ಇದ್ರೆ ಇತ್ತ್ ಅನ್ನ್, ಇಲ್ದಿರೆ ಇಲ್ಲೆ ಅನ್ನ್. ನಿಂಗ್ ಮೈಲ್ಗಿ ಇಲ್ಲೆ."

ಒಂಬತ್ತು ವರ್ಷದವಳನ್ನು ಅಕ್ಕನ ಮೈ ಪರೀಕ್ಷೆಗೆ ಕಳಿಸಿದರು. ನಾನು ಹೋದೆ. ಬಚ್ಚಲಿನಲ್ಲಿ ಹೊಗೆ ತುಂಬಿತ್ತು, ಹಂಡೆಯ ಕೆಳಗೆ ಹಸಿ ಸೌದೆ. ಇಲ್ಲಿಂದ ಮುಂದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ, ಎರಡೂ ಒಂದೇ ಕಾಲಕ್ಕೆ ನಿಜವಾಗಿರಲಾರವು. ಒಂದರಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ನಿಂತು ಲಂಗದ ಹಿಂಭಾಗವನ್ನು ಬಿಡಿಸಿ ಹಿಡಿದು ನನಗೆ ತೋರಿಸುತ್ತಾಳೆ, ಅಲ್ಲೊಂದು ಕಪ್ಪು ಗುರುತಿದೆ. ಇನ್ನೊಂದರಲ್ಲಿ ಬಾಗಿಲು ಹಾಕಿದೆ, ಒಳಗಿನಿಂದ ಅವಳ ಮಾತು ಮಾತ್ರ ಬರುತ್ತದೆ.

"ಬ್ಯಾಡ, ಬರ್ಬೇಡ. ನಿಂಗ್ ಎಂತ ಬೇಕೋ ಹೇಳ್ ಹೋಗ್."

ತಿರುಗಿ ಬಂದು ನಾನು ಅಜ್ಜಿಗೆ "ಇಲ್ಲೆ" ಅಂದೆ. ಇದರಲ್ಲಿ ಎರಡು ನೆನಪಿಲ್ಲ. ಅಜ್ಜಿಯ ಮುಖ ಸಡಿಲವಾಗಿದ್ದು, ನನ್ನ ತಲೆ ಸವರಿದ್ದು, ಅಕ್ಕನ ಮೇಲೆ ಬಿಂದಿಗೆಗಟ್ಟಲೆ ತಣ್ಣೀರು ಬಿದ್ದ ಸದ್ದು, ಎಲ್ಲ ಒಂದರ ಹಿಂದೊಂದು ಬರುತ್ತವೆ.

ಅಕ್ಕ ಒದ್ದೆ ಸೀರೆಯಲ್ಲೇ ಅಡಿಗೆ ಮಾಡಿದಳು. ವಡೆ ಎಣ್ಣೆಗೆ ಬಿದ್ದು ಚೊಂಯ್ ಎನ್ನುವಾಗ ಹೆದ್ದಾರಿಯಲ್ಲಿ ಬಸ್ಸಿನ ಹಾರನ್ ಕೇಳಿತು. ಯಾವ ಬಸ್ಸೋ, ಅವತ್ತು ಎಷ್ಟೋ ಬಸ್ಸು ಹೋಗಿರಬೇಕು. ಭಟ್ಟರಿಬ್ಬರು ಬಾಳೆಲೆಯ ಮುಂದೆ ಕೂತು ತುಪ್ಪ ಮೊಣಕೈಗೆ ಇಳಿಯುವಂತೆ ಉಂಡರು. ತೇಗಿದರು. ಎಲೆಯ ಮೇಲೆ ಮತ್ತೆ ಪಾಯಸ ಹಾಕಿಸಿಕೊಂಡು ಸೊರ್ರೆಂದು ಎಳೆದರು. ಪಿಂಡಕ್ಕೆ ಕಾಗೆ ಬೇಗ ಬಂತೆಂದು ಅಜ್ಜಿಗೆ ಸಂತೋಷವಾಯಿತು, ಅಜ್ಜ ತೃಪ್ತಿಪಟ್ಟರಂತೆ. ಆಮೇಲೆ ನಮ್ಮ ಊಟ. ಅಪ್ಪಯ್ಯ ಎರಡನೆಯ ಸಲ ಪಾಯಸ ಕೇಳಿ, ಅಡಿಗೆಮನೆಯ ಕಡೆ ತಿರುಗದೆಯೇ "ಲಾಯ್ಕ್ ಆಯ್ತ್" ಅಂದರು. ಅಮ್ಮನ ತಟ್ಟೆಗೆ ನಾನು ಮೇಲಿನಿಂದ ಅನ್ನ ಬೀಳಿಸಿದೆ; ಅವಳು ಉಣ್ಣದೆ ತಟ್ಟೆಯನ್ನು ನಾಯಿಗೆ ಸರಿಸಿದಳು. ನಾನು ಉಂಡೆ. ಮೂರು ವಡೆ ತಿಂದೆ. ಅಕ್ಕ ಹೇಳಿದ್ದು ನಿಜವಾಗಿದ್ದರೆ, ಆ ಮನೆ ಜನ್ಮವಿಡೀ ಯಾವುದಕ್ಕೆ ಹೆದರಿತ್ತೋ ಅದನ್ನೇ ಅಂದು ಬೆರಳು ನೆಕ್ಕಿ ತಿಂದಿತು, ಏನೂ ಆಗಲಿಲ್ಲ. ಸುಳ್ಳಾಗಿದ್ದರೆ, ಒಂದು ಪರೀಕ್ಷೆ ತಪ್ಪಿತು, ಅಷ್ಟೆ. ಅಜ್ಜಿ ಇನ್ನೂ ಬಹಳ ವರ್ಷ ಬದುಕಿ, ನಿದ್ದೆಯಲ್ಲಿ ಸತ್ತರು.

ಅಕ್ಕ ಯಡ್ತರೆಗೆ ಮದುವೆಯಾಗಿ ಹೋದಳು. ಪರೀಕ್ಷೆಯನ್ನು ಮತ್ತೆ ಬರೆಯಲಿಲ್ಲ. ಮುಂದಿನ ವರ್ಷ ಅವಳ ಜಾಗದ ಪಾತ್ರೆಗಳೆಲ್ಲ ನನಗೇ ಬಂದವು. ಆದರೆ ನಾನು ಓದಿದೆ. ನನ್ನ ಸರದಿ ಬರುವಷ್ಟರಲ್ಲಿ ಅಜ್ಜಿಯ ಕಣ್ಣು ಮಂಜಾಗಿತ್ತು, ಯಾರು ಹೊರಗೆ ಯಾರು ಒಳಗೆ ಎಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅಕ್ಕನ ತ್ಯಾಗದಿಂದ ನಾನು ಓದಿದೆ ಎಂದು ಒಂದು ಸಭೆಯಲ್ಲಿ ನಾನೇ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಅದು ತ್ಯಾಗವಲ್ಲ. ಅವಳ ಕೈಯಿಂದ ಕಿತ್ತುಕೊಂಡದ್ದು, ಕಿತ್ತವರಲ್ಲಿ ನನ್ನ ಕೈಯೂ ಇತ್ತು. ಆ ಚಪ್ಪಾಳೆ ನೆನೆದರೆ ನನ್ನ ಮೈಯೇ ನನಗೆ ಅಸಹ್ಯ.

ಹೋದ ತಿಂಗಳು, ಬ್ರಹ್ಮಾವರದಲ್ಲಿ, ಮಗ ಮೊಮ್ಮಗಳು ಪೇಟೆಗೆ ಹೋದ ಮೇಲೆ ಅಕ್ಕನನ್ನು ಕೇಳಿಯೇಬಿಟ್ಟೆ. ಇಷ್ಟು ವರ್ಷ ಕೇಳಿರಲಿಲ್ಲ.

"ಅಕ್ಕ, ತಿಥಿ ದಿನ ನೀ ನಿಜಕ್ಕೂ ಹೊರಗಿದ್ಯಾ?"

ಅವಳು ಸೌತೆಕಾಯಿಯ ತಿರುಳನ್ನು ಬೆರಳಲ್ಲಿ ತೆಗೆದು ಬದಿಗಿಟ್ಟಳು. ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಕಾಂಬುಕೆ ಬಂದದ್ ನೀನಲ್ದಾ? ನೀನೇ ಹೇಳ್."

ನನಗೆ ಗೊತ್ತಿಲ್ಲ. ಬಚ್ಚಲಿನ ಬಾಗಿಲು ತೆರೆದಿತ್ತೋ ಹಾಕಿತ್ತೋ, ನಾನು ಏನನ್ನಾದರೂ ಕಂಡೆನೋ ಇಲ್ಲವೋ, ಕಂಡೂ "ಇಲ್ಲೆ" ಅಂದೆನೋ, ನನಗೆ ಗೊತ್ತಿಲ್ಲ.